ಬ್ರೇಕಣ್ಣ ಅತ್ತ ದಿನ

ಬೆಳಗ್ಗೆ ಆರಕ್ಕೆ ಅಲಾರಾಂ ಹೊಡೆದಾಗ ಬ್ರೇಕಣ್ಣ ಎದ್ದ, ಕಣ್ಣು ಮಾತ್ರ ಏಳಲಿಲ್ಲ. ರಾತ್ರಿಯಿಡೀ ಯಾರೋ ಕೂತು ಕಣ್ಣೊಳಗೆ ಮರಳು ಜರಡಿ ಹಿಡಿದ ಹಾಗಿತ್ತು. ರೆಪ್ಪೆ ಬಡಿದರೆ ಉರಿ, ಬಡಿಯದಿದ್ದರೆ ಚುಚ್ಚು. ಕನ್ನಡಿ ನೋಡಿಕೊಂಡರೆ ಎರಡು ಕಣ್ಣೂ ಕೆಂಪಗೆ ಒಣಗಿ, ಗುರುತು ಪರಿಚಯವಿಲ್ಲದ ಯಾರನ್ನೋ ನೋಡಿದಂತೆ ಅವನನ್ನೇ ದುರುಗುಟ್ಟಿ ನೋಡಿದವು.

ಇದು ಇವತ್ತಿನ ಪಾಡಲ್ಲ, ಹದಿನೈದು ದಿನದಿಂದ ಇದೇ ಕತೆ. ಆದರೆ ಬೇರೆ ದಿನ ಹೇಗೋ ಆಗುತ್ತಿತ್ತು, ಇವತ್ತು ಆಗುವಂತಿರಲಿಲ್ಲ. ಹನ್ನೊಂದು ವರ್ಷದಿಂದ ಅವನು ಒಂದು ಖಾಸಗಿ ಕಂಪನಿಯ ಗಿಡ್ಡ ಬಸ್ಸನ್ನು ರೈಲ್ವೆ ಸ್ಟೇಷನ್ನಿಗೂ ಮಾರ್ಕೆಟ್ಟಿಗೂ ನಡುವೆ ಓಡಿಸಿಕೊಂಡಿದ್ದ. ಬೆಕ್ಕು ರಸ್ತೆ ದಾಟುವ ಯೋಚನೆ ಮಾಡಿದರೂ ಸಾಕು, ಬ್ರೇಕ್ ಒತ್ತುತ್ತಿದ್ದ; ಹೆಸರು ಹಾಗೆ ಬಂದದ್ದು. ಈಗ ಡಿಪೋಗೆ ಉದ್ದನೆಯ ಹೊಸ ಬಸ್ಸು ಬಂದಿತ್ತು. ಬೆರಳಲ್ಲೇ ತಿರುಗುವ ಸ್ಟಿಯರಿಂಗ್, ಗುಂಡಿ ಒತ್ತಿದರೆ ಮೇಲೆ ಕೆಳಗೆ ಹೋಗುವ ಸೀಟು. ಮ್ಯಾನೇಜರು ಹಿಂದಿನ ದಿನವೇ ಹೇಳಿದ್ದರು: "ನಾಳೆ ನಾಲ್ಕು ಗಂಟೆಗೆ ಕಣ್ಣಿನ ಡಾಕ್ಟ್ರ ಸರ್ಟಿಫಿಕೇಟ್ ತನ್ನಿ, ಬೀಗದಕೈ ತಗೊಳ್ಳಿ. ಹೊಸ ಗಾಡಿ ಕಣ್ರೀ, ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಓಡಿಸ್ಬೇಕು. ನೀವು ಬರ್ಲಿಲ್ಲ ಅಂದ್ರೆ ಹಾರನ್‌ಗೆ ಕೊಡ್ತೀನಿ." ಹಾರನ್ ಅಂದರೆ ಇನ್ನೊಬ್ಬ ಡ್ರೈವರು. ಖಾಲಿ ರಸ್ತೆಯಲ್ಲೂ ಬಾರಿಸಿಕೊಂಡೇ ಹೋಗುವವನು.

ಬ್ರೇಕಣ್ಣನ ಎದೆಯಲ್ಲಿ ಇನ್ನೊಂದು ಭಯವಿತ್ತು, ಯಾರಿಗೂ ಹೇಳಿರಲಿಲ್ಲ. ಬೆಳಗಿನ ಹೊತ್ತು ಎಲ್ಲ ಮಂಜು ಮಂಜು ಕಾಣುತ್ತಿತ್ತಲ್ಲ, ಕಣ್ಣೇ ಹೋಗುತ್ತಿದೆಯೇನೋ ಅಂತ. ಕಣ್ಣು ಹೋದ ಡ್ರೈವರಿಗೆ ಗಿಡ್ಡ ಬಸ್ಸೂ ಇಲ್ಲ, ಉದ್ದ ಬಸ್ಸೂ ಇಲ್ಲ.

"ನಾನು ಬಡ್ಕೊಂಡೆ, ಫ್ಯಾನ್ ಮುಖಕ್ಕೇ ತಿರುಗಿಸ್ಕೊಂಡು ಮಲಗ್ಬೇಡಿ ಅಂತ," ಎಂದಳು ಹೆಂಡತಿ. ಹೊಲಿಗೆ ಕಾರ್ಖಾನೆಗೆ ಹೊರಟಿದ್ದವಳು ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಬಟ್ಟೆಯೊಂದನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ ಅವನ ಕಣ್ಣ ಮೇಲಿಟ್ಟಳು. "ಹತ್ತು ನಿಮಿಷ ಹೀಗೇ ಇರಿ. ನಮ್ಮಮ್ಮ ಸ್ನಾನ ಮಾಡಿ ಸ್ವಲ್ಪ ಮಲಗ್ತಾಳಂತೆ, ಎಬ್ಬಿಸ್ಬೇಡಿ. ಕಂಪೌಂಡರ್ ಸಾರ್ ಹತ್ರ ಮಾತ್ರ ಹೋಗ್ಬೇಡಿ ರೀ, ನಿಮ್ಮ ದಮ್ಮಯ್ಯ."

ಬಿಸಿ ಬಟ್ಟೆ ಹಿತವಾಗಿತ್ತು. ಬಟ್ಟೆ ಆರಿತು, ಹಿತವೂ ಆರಿತು. ಕಂಪೌಂಡರ್ ಸಾರ್ ಹತ್ತಿರ ಬ್ರೇಕಣ್ಣ ಹೋಗಲಿಲ್ಲ. ಅವರೇ ಬಂದರು.

ಕಂಪೌಂಡರ್ ಸಾರ್ ಕೆಳಗಿನ ಮನೆಯವರು. ಮೂವತ್ತು ವರ್ಷ ಒಬ್ಬ ಡಾಕ್ಟರ ಬಳಿ ಬಾಟಲಿಗೆ ಲೇಬಲ್ ಅಂಟಿಸಿ ನಿವೃತ್ತರಾದ ಮೇಲೆ ಇಡೀ ಕಟ್ಟಡದ ಆರೋಗ್ಯವನ್ನು ತಲೆ ಮೇಲೆ ಹೊತ್ತುಕೊಂಡಿದ್ದರು. ಹದಿನೈದು ದಿನದ ಹಿಂದೆ ಬ್ರೇಕಣ್ಣನಿಗೆ ನೆಗಡಿಯಾದಾಗ ಒಂದು ಡಬ್ಬಿ ತುಂಬ ಮಾತ್ರೆ ಕೊಟ್ಟವರೂ ಅವರೇ. ಮೂಗು ಒಂದೇ ದಿನಕ್ಕೆ ಒಣಗಿತ್ತು. ಬ್ರೇಕಣ್ಣ ಕೃತಜ್ಞತೆಯಿಂದ ಇನ್ನೂ ನುಂಗುತ್ತಲೇ ಇದ್ದ.

"ಮ್ಯಾನೇಜರು ಏನಂದ್ರು, ಸರಿಯಾಗಿ ಹೇಳಿ," ಎಂದು ವಿಚಾರಿಸಿದರು.

"ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಓಡಿಸ್ಬೇಕು ಅಂದ್ರು."

"ನೋಡಿದ್ರಾ! ಹಿಂದಿನವರು ಸುಮ್ಸುಮ್ನೆ ಒಂದು ಮಾತು ಮಾಡಿಟ್ಟಿರಲ್ಲ. ಒಣಗಿದ ಕೀಲಿಗೆ ಎಣ್ಣೆ ಬಿಡಲ್ವಾ? ಕಣ್ಣಿನ ರೆಪ್ಪೇನೂ ಒಂದು ಕೀಲೇ." ಇಷ್ಟು ಹೇಳಿ ಜೇಬಿನಿಂದ ಹರಳೆಣ್ಣೆ ಸೀಸೆ ತೆಗೆದರು. ಸೀಸೆ ಜೇಬಿನಲ್ಲೇ ಇತ್ತು ಎಂಬುದನ್ನು ಗಮನಿಸುವಷ್ಟು ಬುದ್ಧಿ ಬ್ರೇಕಣ್ಣನಿಗೆ ಆ ಹೊತ್ತಲ್ಲಿ ಉಳಿದಿರಲಿಲ್ಲ. ಬೇಡ ಅನ್ನುವಷ್ಟರಲ್ಲಿ ಕಣ್ಣಿಗೆ ಎರಡೆರಡು ಹನಿ ಬಿದ್ದಾಗಿತ್ತು.

ಜಗತ್ತು ಹಳದಿಯಾಯಿತು. ಎದುರಿಗಿದ್ದ ಒಬ್ಬ ಕಂಪೌಂಡರು ಇಬ್ಬರಾದರು. ಒಬ್ಬರನ್ನೇ ತಡೆದುಕೊಳ್ಳುವುದು ಕಷ್ಟವಿತ್ತು. ಅವರನ್ನು ಸಾಗಹಾಕಿ, ನೀರಿಗೆಂದು ಅಡುಗೆಮನೆಗೆ ಹೊರಟ ಬ್ರೇಕಣ್ಣ ಎಡವಟ್ಟಾಗಿ ಹೊರಬಾಗಿಲು ದಾಟಿ ಮೆಟ್ಟಿಲಿಗೆ ಬಂದು, ಮೇಲಿನ ಮನೆಯ ಟೀಚರಮ್ಮನಿಗೆ ಢೀ ಹೊಡೆದ.

"ಏನ್ರೀ ಇದು ಅವತಾರ?" ಎಂದು ಟೀಚರಮ್ಮ ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಅವರ ಮುಂದೆ ಐವತ್ತು ವರ್ಷದವರೂ ಎರಡನೇ ಕ್ಲಾಸಿನವರೇ. "ಮಲಗೋ ಮುಂಚೆ ಫೋನ್ ನೋಡ್ತೀರಾ?"

"ಸ್ವಲ್ಪ ಟೀಚರ್."

"ಎಷ್ಟು ಸ್ವಲ್ಪ?"

"ಒಂದೂವರೆ ಗಂಟೆ."

"ಹಾಂ! ಅದನ್ನ ನೋಡೋವಾಗ ರೆಪ್ಪೆ ಬಡಿಯೋದನ್ನೇ ಮರ್ತುಬಿಡ್ತೀರ. ಇವತ್ತಿಂದ ನಿಮಿಷಕ್ಕೆ ಹದಿನೈದು ಸಲ ಲೆಕ್ಕ ಇಟ್ಟು ಮಿಟುಕಿಸಿ. ಎಲ್ಲಿ, ಶುರು ಮಾಡಿ, ಒಂದು... ಎರಡು... ಮತ್ತೆ ಈ ಎಣ್ಣೆ ಹೋಗ್ಬೇಕಾದ್ರೆ ಕಣ್ಣೀರೇ ಬರ್ಬೇಕು. ಮನೇಲಿ ಈರುಳ್ಳಿ ಇದೆಯಾ?"

ಇತ್ತು. ನಾಲ್ಕು ದಪ್ಪನೆಯವೇ ಇದ್ದವು. ಬ್ರೇಕಣ್ಣ ಅಡುಗೆಮನೆಯ ಕಿಟಕಿ ಹತ್ತಿರ ನಿಂತು ಹೆಚ್ಚತೊಡಗಿದ. ಮೊದಲ ಈರುಳ್ಳಿಗೆ ಮೂಗು ಸೊರಸೊರ ಅಂದಿತು. ಎರಡನೆಯದಕ್ಕೆ ಹನಿ ಕೂಡಿತು. ಮೂರನೆಯದಕ್ಕೆ ಕಟ್ಟೆ ಒಡೆಯಿತು. ಹದಿನೈದು ದಿನದಿಂದ ನೀರು ಕಾಣದ ಕಣ್ಣಿಂದ ಧಾರಾಕಾರ ಸುರಿಯಿತು. ಎಣ್ಣೆ ಕೊಚ್ಚಿಹೋಯಿತು, ಉರಿ ಕೊಚ್ಚಿಹೋಯಿತು. ಎಂಥ ಸುಖ ಅಂದರೆ, ಅವನು ಚಾಕು ಕೆಳಗಿಟ್ಟು ಕಿಟಕಿಯ ಸರಳು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ನಿಂತುಬಿಟ್ಟ.

ತಮ್ಮ ಎಣ್ಣೆ ಹೇಗೆ ಕೆಲಸ ಮಾಡಿತೆಂದು ತಿಳಿಯಲು ಮತ್ತೆ ಮೆಟ್ಟಿಲು ಹತ್ತಿ ಕಿಟಕಿಯ ಹೊರಗಿನ ವರಾಂಡಕ್ಕೆ ಬಂದಿದ್ದ ಕಂಪೌಂಡರು ಇದನ್ನು ಕಂಡು ಗಾಬರಿಯಾದರು. "ಯಾಕ್ರೀ? ಏನಾಯ್ತು?"

"ಅತ್ತೆ, ಸಾರ್," ಎಂದ ಬ್ರೇಕಣ್ಣ ಬಿಕ್ಕುತ್ತ. "ಎಲ್ಲ ಮುಗೀತು. ಈಗ ಎಷ್ಟೋ ಹಗುರ ಆಯ್ತು."

ಪಾಪ, ಅವನು ಹೇಳಿದ್ದು ತಾನು ಅತ್ತ ವಿಷಯ. ಚೆನ್ನಾಗಿ ಅತ್ತೆ, ಉರಿ ಮುಗೀತು, ಕಣ್ಣು ಹಗುರ ಆಯ್ತು, ಅಷ್ಟೇ. ಆದರೆ ಕಂಪೌಂಡರಿಗೆ ಕಂಡದ್ದು ಬೇರೆ: ಹೆಂಡತಿಯ ತಾಯಿ ಜೊತೆಗೇ ಇರುವ ಮನೆ, ಬಿಕ್ಕಿ ಬಿಕ್ಕಿ ಅಳುತ್ತಿರುವ ಅಳಿಯ, ಬಾಯಲ್ಲಿ "ಅತ್ತೆ, ಮುಗೀತು." ಹಗುರ ಆಯ್ತು ಅಂದದ್ದಕ್ಕೆ ಅವರು ಕ್ಷಣ ಹುಬ್ಬು ಗಂಟಿಕ್ಕಿದರೂ, ಅಳಿಯಂದಿರು ಅಂದಮೇಲೆ ಅಷ್ಟು ಇರುತ್ತದೆ ಎಂದು ಕ್ಷಮಿಸಿದರು.

"ಯಾವಾಗ?"

"ಈಗ ತಾನೇ."

"ಒಳಗಿದಾರಾ?"

"ಯಾರು, ಅತ್ತೇನಾ? ಮಲಗಿದಾರೆ, ಸದ್ದು ಮಾಡ್ಬೇಡಿ."

ಕಂಪೌಂಡರು ಕೈಮುಗಿದು, ತುದಿಗಾಲಲ್ಲಿ ಹಿಂದೆ ಸರಿದರು.

ಅರ್ಧ ಗಂಟೆಯೊಳಗೆ ಮೆಟ್ಟಿಲ ತುಂಬ ಜನ. ಎಲ್ಲರ ಮುಖವೂ ಗೇಣುದ್ದ ಇಳಿದಿತ್ತು. ಎದುರಿನ ಅಂಗಡಿಯವನು ಶೆಟರ್ ಅರ್ಧ ಎಳೆದು ಬಂದಿದ್ದ. ಟೀಚರಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡು, "ಸಿಡುಕಿಯಾದ್ರೂ ಮನಸ್ಸು ಒಳ್ಳೇದಿತ್ತು," ಎನ್ನುತ್ತಿದ್ದರು. ಬ್ರೇಕಣ್ಣ ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದ. ಗುಸುಗುಸು ಕೇಳಿ ಬಾಗಿಲು ತೆಗೆದದ್ದು ಅತ್ತೆಯೇ.

ಅಷ್ಟೊಂದು ಜನರ ಇಳಿದ ಮುಖ ಕಂಡೊಡನೆ ಅತ್ತೆಯೂ ತಮ್ಮ ಮುಖ ಇಳಿಸಿದರು. ಇಂಥ ವಿಷಯದಲ್ಲಿ ಅವರು ಯಾರಿಗೂ ಹಿಂದೆ ಬೀಳುವವರಲ್ಲ. "ಅಯ್ಯೋ ಪಾಪವೇ. ಯಾರು ಹೋಗಿದ್ದು?"

ಕಂಪೌಂಡರು ಗೋಡೆ ಹಿಡಿದುಕೊಂಡರು. ಕೊನೆಗೆ ಟೀಚರಮ್ಮ ಸಣ್ಣ ದನಿಯಲ್ಲಿ, "ನೀವೇ..." ಎಂದರು.

"ನಾನಾ?" ಅತ್ತೆ ಗಡಿಯಾರ ನೋಡಿದರು. "ಎಷ್ಟು ಹೊತ್ತಿಗೆ?"

ವಿಷಯ ಬಿಡಿಸಿಕೊಳ್ಳುವುದಕ್ಕೆ ಕಾಲು ಗಂಟೆ ಹಿಡಿಯಿತು. "ಅತ್ತೆ ಅಂದ್ರೆ ಅತ್ತೆ ಅಲ್ಲ ಸಾರ್, ನಾನು ಅತ್ತೆ," ಎಂದು ಬ್ರೇಕಣ್ಣ ವಿವರಿಸಿದಷ್ಟೂ ಜನ ಇನ್ನಷ್ಟು ಗೋಜಲಾದರು. ಅಂತೂ ಎಲ್ಲರೂ ಸತ್ತವರು ಬದುಕಿದ್ದಕ್ಕೆ ಸ್ವಲ್ಪ ಬೇಸರದಿಂದಲೇ ಚದುರಿದರು. ಬ್ರೇಕಣ್ಣ ಉಸಿರು ಬಿಡುವಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಆ ಕಡೆ ಹಾರನ್.

"ಅಣ್ಣ, ಕೇಳಿ ಕರುಳು ಕಿತ್ತು ಬಂತು. ಕಂಪೌಂಡರು ಡಿಪೋಗೆ ಫೋನ್ ಮಾಡಿದ್ರು. ಮ್ಯಾನೇಜರು ನಿಂಗೆ ಮೂರು ದಿನ ರಜ ಬರ್ದಾಯ್ತು. ಬಸ್ಸಿನ ಚಿಂತೆ ಬಿಡಣ್ಣ, ನಾಲ್ಕು ಗಂಟೆಗೆ ಬೀಗದಕೈ ನಾನೇ ಇಸ್ಕೋತೀನಿ."

"ಲೋ, ಅತ್ತೆ ಬದುಕಿದಾರೆ ಕಣೋ!"

"ದುಃಖದಲ್ಲಿ ಹಾಗೇ ಅನ್ಸುತ್ತೆ ಅಣ್ಣ," ಎಂದ ಹಾರನ್. ಫೋನ್ ಇಟ್ಟ.

ಬ್ರೇಕಣ್ಣ ಕುಸಿದು ಕೂತ. ಹನ್ನೊಂದು ವರ್ಷ ಕಾದ ಸೀಟು ಒಂದು ಈರುಳ್ಳಿಗೆ ಹೋಗುವುದರಲ್ಲಿತ್ತು. ಈಗ ಸರ್ಟಿಫಿಕೇಟ್ ಒಂದೇ ಸಾಲದು, ಅತ್ತೆ ಬದುಕಿರುವುದಕ್ಕೂ ಪುರಾವೆ ಬೇಕು. ಅತ್ತೆ ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. "ಏಳಿ ಅಳಿಯಂದಿರೇ. ನಾನೇ ಬರ್ತೀನಿ. ನಾನು ಸತ್ತಿಲ್ಲ ಅನ್ನೋದನ್ನ ನನ್ನಷ್ಟು ಚೆನ್ನಾಗಿ ಬೇರೆ ಯಾರು ಹೇಳ್ತಾರೆ?"

ಕಣ್ಣಿನ ಆಸ್ಪತ್ರೆಯಲ್ಲಿ ಜಾತ್ರೆಯಷ್ಟು ಜನ. ನಂಬರ್ ಕೊಡುವ ಹುಡುಗಿ ಗಾಜಿನ ಕಿಟಕಿಯ ಹಿಂದೆ ಕೂತಿದ್ದಳು. ಹನ್ನೆರಡು ಗಂಟೆಗೆ ಅವನಿಗೆ ಒಂಬತ್ತನೇ ನಂಬರ್ ಸಿಕ್ಕಿತು. ಅಷ್ಟಕ್ಕೆ ಸುಮ್ಮನಿದ್ದರೆ ಆಗಿತ್ತು. ಆದರೆ ಈರುಳ್ಳಿಯ ಗುಣ ಇಳಿದು ಕಣ್ಣು ಮತ್ತೆ ಚುಚ್ಚುತ್ತಿತ್ತು. ಟೀಚರಮ್ಮನ ಪಾಠ ನೆನಪಾಗಿ ಅವನು ಅಲ್ಲೇ ಕಿಟಕಿ ಮುಂದೆ ನಿಂತು ಶುರುಮಾಡಿದ: ಒಂದು, ಎರಡು, ಮೂರು. ಎಡಗಣ್ಣು ಸ್ವಲ್ಪ ಜಾಸ್ತಿ ಒಣಗಿದ್ದರಿಂದ ಅದಕ್ಕೆ ಎರಡು ಹೆಚ್ಚು.

"ಏನ್ರೀ," ಎಂದಳು ಹುಡುಗಿ, ಇಡೀ ಹಾಲಿಗೆ ಕೇಳುವಂತೆ, "ಕಣ್ಣು ಹೊಡೆದ್ರೆ ನಂಬರ್ ಮುಂದೆ ಬರುತ್ತೆ ಅಂದ್ಕೊಂಡ್ರಾ?"

"ಅಯ್ಯೋ, ಹೊಡೀಲಿಲ್ಲಮ್ಮ, ಮಿಟುಕಿಸ್ದೆ!"

"ಅವೆರಡಕ್ಕೂ ಅಷ್ಟೇನು ವ್ಯತ್ಯಾಸ?" ಎಂದು ಹಿಂದಿನಿಂದ ಯಾರೋ ಕೇಳಿದರು. ಅತ್ತೆ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಾನು ಸತ್ತು ಎರಡು ಗಂಟೆ ಆಗಿಲ್ಲ, ಆಗ್ಲೇ ಶುರು ಮಾಡಿದ್ರಾ?" ಎಂದರು. ಒಂಬತ್ತನೇ ನಂಬರಿನ ಚೀಟಿ ವಾಪಸ್ ಹೋಗಿ ಇಪ್ಪತ್ತಾರನೇ ನಂಬರ್ ಬಂತು.

ಡಾಕ್ಟರಮ್ಮನ ಮುಂದೆ ಕೂತಾಗ ಎರಡೂ ಮುಕ್ಕಾಲು. ಅವರು ಬೆಳಕು ಬಿಟ್ಟು ನೋಡಿದರು, ಒಂದು ಕಾಗದದ ಚೂರನ್ನು ರೆಪ್ಪೆಯಡಿ ಇಟ್ಟು ನೋಡಿದರು, ಯಾವುದೋ ಹನಿ ಹಾಕಿ ಗೋಡೆಯ ಮೇಲಿನ ಅಕ್ಷರ ಓದಿಸಿದರು. ಹನಿ ಬಿದ್ದೊಡನೆ ಮಂಜು ಸರಿದು, ಬ್ರೇಕಣ್ಣ ಕೊನೆಯ ಸಾಲನ್ನು ಮಾತ್ರವಲ್ಲ, ಅದರಡಿಯ ಪ್ರೆಸ್ಸಿನ ಫೋನ್ ನಂಬರನ್ನೂ ಓದಿದ.

"ಕಣ್ಣು ನಿಚ್ಚಳವಾಗಿದೆ," ಎಂದರು ಡಾಕ್ಟರಮ್ಮ. "ಬರೀ ಒಣಗಿದೆ. ನೆಗಡಿ ಮಾತ್ರೆ ಏನಾದ್ರೂ ತಗೋತಿದ್ರಾ?"

"ಹದಿನೈದು ದಿನದಿಂದ."

"ನೆಗಡಿ ಎಷ್ಟು ದಿನ ಇತ್ತು?"

"ಒಂದು ದಿನ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನಿಲ್ಸಿ. ಅದು ಮೂಗನ್ನ ಒಣಗಿಸೋ ಹಾಗೆ ಕಣ್ಣನ್ನೂ ಒಣಗಿಸುತ್ತೆ. ಫ್ಯಾನ್ ಕಾಲ ಕಡೆ ತಿರುಗಿಸಿ, ಮಲಗೋ ಹೊತ್ತಲ್ಲಿ ಫೋನ್ ಬೇಡ. ಆದ್ರೆ ಎದ್ದ ಕೂಡ್ಲೇ ಇಷ್ಟು ಉರಿ ಅಂದ್ರೆ... ನಿದ್ದೆಯಲ್ಲಿ ನಿಮ್ಮ ರೆಪ್ಪೆ ಪೂರ್ತಿ ಮುಚ್ಚುತ್ತಾ?"

"ನಿದ್ದೆಯಲ್ಲಿರೋವಾಗ ನಾನು ಹೇಗೆ ನೋಡ್ಲಿ ಡಾಕ್ಟ್ರೇ? ಹೆಂಡ್ತಿ ದೀಪ ಆರಿಸಿದ್ಮೇಲೆ ಮಲಗ್ತಾಳೆ."

"ನಾನು ನೋಡಿದೀನಿ," ಎಂದರು ಅತ್ತೆ. "ಭಾನುವಾರ ಮಧ್ಯಾಹ್ನ ನಾನು ಎದುರಿಗೆ ಕೂತು ಮಾತಾಡ್ತಾ ಇರ್ತೀನಿ, ಇವರು ಸೋಫಾದಲ್ಲಿ ಗೊರಕೆ ಹೊಡೀತಾರೆ. ಆದ್ರೆ ಕಣ್ಣು ಮಾತ್ರ ಅರ್ಧ ತೆರೆದೇ ಇರುತ್ತೆ. ಅತ್ತೆ ಮಾತಾಡೋವಾಗ ಪೂರ್ತಿ ಕಣ್ಣು ಮುಚ್ಚಬಾರ್ದು ಅನ್ನೋ ಮರ್ಯಾದೆ ಇರ್ಬೇಕು ಅಂದ್ಕೊಂಡು ನಾನು ಯಾರಿಗೂ ಹೇಳಿರ್ಲಿಲ್ಲ."

ಡಾಕ್ಟರಮ್ಮ ನಕ್ಕರು. "ಸಿಕ್ತು ನೋಡಿ! ಕೆಲವರ ರೆಪ್ಪೆ ನಿದ್ದೆಯಲ್ಲಿ ಪೂರ್ತಿ ಕೂಡಲ್ಲ. ರಾತ್ರಿಯಿಡೀ ಗಾಳಿಗೆ ಕಣ್ಣು ಒಣಗುತ್ತೆ. ಮಲಗೋ ಮುಂಚೆ ಈ ಮುಲಾಮು ಹಾಕಿ, ರೆಪ್ಪೆ ಮುಚ್ಚಿ ನಾನು ತೋರಿಸೋ ಹಾಗೆ ತೆಳ್ಳನೆ ಪಟ್ಟಿ ಅಂಟಿಸ್ಕೊಳ್ಳಿ. ತಿಂಗಳೊಳಗೆ ಸುಖವಾಗಿರ್ತೀರ. ಇನ್ನೊಂದು ಸಲ ಯಾರಾದ್ರೂ ಎಣ್ಣೆ ಹಾಕೋಕೆ ಬಂದ್ರೆ ಓಡಿಹೋಗಿ."

"ಹಾಗಾದ್ರೆ ಕಣ್ಣು ಹೋಗಲ್ವಾ?"

"ಎಲ್ಲಿಗೂ ಹೋಗಲ್ಲ."

ಬ್ರೇಕಣ್ಣನಿಗೆ ಎದೆ ಮೇಲಿನ ಬಂಡೆ ಸರಿದಂತಾಯಿತು. ಹದಿನೈದು ದಿನ ಒಬ್ಬನೇ ನುಂಗಿಕೊಂಡಿದ್ದ ಭಯ ಅದು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಎದುರಿನ ಮರದ ಒಂದೊಂದು ಎಲೆಯನ್ನೂ ನೋಡಿದ, ಹೋಗುವ ಗಾಡಿಗಳ ನಂಬರನ್ನೆಲ್ಲ ಸುಮ್ಮನೆ ಖುಷಿಗೆ ಓದಿದ. ಅತ್ತೆಯ ಕೈ ಹಿಡಿದು ರಸ್ತೆ ದಾಟಿಸಿದ. "ನೀವಿಲ್ದಿದ್ರೆ ಏನಾಗ್ತಿತ್ತು ಅತ್ತೆ," ಎಂದ. ಮದುವೆಯಾದ ಹನ್ನೆರಡು ವರ್ಷದಲ್ಲಿ ಮೊದಲ ಸಲ ಅದನ್ನು ಮನಸಾರೆ ಅಂದದ್ದು.

ಡಿಪೋ ತಲುಪಿದಾಗ ನಾಲ್ಕಕ್ಕೆ ಐದು ನಿಮಿಷ. ಹೊಸ ಬಸ್ಸು ಅಂಗಳದ ನಡುವೆ ಮಿರಮಿರ ಮಿಂಚುತ್ತಿತ್ತು. ಡ್ರೈವರ್ ಸೀಟಿನಲ್ಲಿ ಹಾರನ್ ಕೂತು ಗುಂಡಿ ಒತ್ತಿ ಮೇಲೆ ಹೋಗುತ್ತಿದ್ದ, ಕೆಳಗೆ ಬರುತ್ತಿದ್ದ. ಬ್ರೇಕಣ್ಣನ ಹಿಂದೆ ಬಂದ ಹೆಂಗಸನ್ನು ಕಂಡು ಮೇಲಿದ್ದವನು ಸರ್ರನೆ ಕೆಳಗಿಳಿದ.

ಮ್ಯಾನೇಜರು ಕುರ್ಚಿಯಿಂದ ಎದ್ದು ಸಂತಾಪದ ಮುಖ ಮಾಡಿಕೊಂಡರು. "ಬನ್ನಿ, ಬನ್ನಿ. ಇವರು ತೀರಿಕೊಂಡವರ..."

"ತೀರಿಕೊಂಡವಳು ನಾನೇ," ಎಂದು ಅತ್ತೆ ಕುರ್ಚಿ ಎಳೆದುಕೊಂಡು ಕೂತರು. "ರಜ ಚೀಟಿ ಹರೀರಿ."

ಹರಿದರು. ಆಮೇಲೆ ಸರ್ಟಿಫಿಕೇಟ್ ಬಿಡಿಸಿ ಜೋರಾಗಿ ಓದಿದರು. "'ದೂರದೃಷ್ಟಿ ಪೂರ್ಣ. ಬಣ್ಣ ಗುರುತಿಸುವಿಕೆ ಪೂರ್ಣ. ಹಗಲು ರಾತ್ರಿ ವಾಹನ ಚಲಾಯಿಸಲು ದೃಷ್ಟಿಯ ಅಡ್ಡಿ ಇಲ್ಲ.' ಶಭಾಷ್!" ಡ್ರಾಯರಿನಿಂದ ಬೀಗದಕೈ ತೆಗೆದು ಕೈ ನೀಡಿದರು. ಬ್ರೇಕಣ್ಣನೂ ಕೈ ಚಾಚಿದ. ತಣ್ಣನೆಯ ಕಬ್ಬಿಣ ಬೆರಳಿಗೆ ತಾಗಿಯೂ ತಾಗಿತು. ಆಗ ಮ್ಯಾನೇಜರ ಕಣ್ಣು ಕೊನೆಯ ಸಾಲಿಗೆ ಹೋಯಿತು.

"'ಇವರು ಕಣ್ಣು ತೆರೆದು ನಿದ್ರಿಸುತ್ತಾರೆ.'"

ಬೀಗದಕೈ ಹಿಂದೆ ಹೋಯಿತು.

"ಸಾರ್, ಅದು ಕಾಯಿಲೆ ಅಲ್ಲ, ಬರೀ ರೆಪ್ಪೆ..."

"ತಡೀರಿ. ನಮ್ಮಲ್ಲಿ ಡ್ರೈವರ್ ತೂಕಡಿಸ್ತಿದಾನಾ ಅಂತ ಕಂಡಕ್ಟರ್ ಹೇಗೆ ನೋಡ್ತಾನೆ? ಕನ್ನಡಿಯಲ್ಲಿ ಕಣ್ಣು ನೋಡ್ತಾನೆ. ಕಣ್ಣು ಬಿಟ್ಟಿದ್ರೆ ಎಚ್ಚರ, ಮುಚ್ಚಿದ್ರೆ ನಿದ್ದೆ. ನಿಮ್ಮದು ಎರಡೂ ಒಂದೇ ಆದ್ರೆ ಅರವತ್ತು ಜನರನ್ನ ಯಾವ ಧೈರ್ಯದ ಮೇಲೆ ಕೂರಿಸ್ಲಿ?"

"ಹನ್ನೊಂದು ವರ್ಷ ಓಡಿಸಿದೀನಲ್ಲ ಸಾರ್, ಒಂದು ಗೀರು ಬಿದ್ದಿದೆಯಾ?"

"ಎಚ್ಚರವಾಗಿದ್ದು ಓಡಿಸಿದ್ರೋ ಹೇಗೋ, ಈಗ ಅದೂ ಅನುಮಾನವೇ."

ಅಳಿಯನಿಗೆ ಅನ್ಯಾಯವಾಗುವುದನ್ನು ನೋಡಿ ಅತ್ತೆ ಸುಮ್ಮನಿರುವವರಲ್ಲ. "ಅದಕ್ಯಾಕೆ ಹೆದರ್ತೀರಿ? ನಿದ್ದೆ ಬಂದ್ರೆ ಇವರು ಗೊರಕೆ ಹೊಡೀತಾರೆ. ಬಸ್ಸಿನ ಕೊನೇ ಸೀಟಿಗೂ ಕೇಳುತ್ತೆ, ಆಗ ಎಬ್ಬಿಸಿದ್ರಾಯ್ತು."

ಮ್ಯಾನೇಜರು ಬೀಗದಕೈಯನ್ನು ಕಿಟಕಿಯಿಂದ ಹಾರನ್‌ಗೆ ಎಸೆದರು. ಮರುಕ್ಷಣ ಡಿಪೋ ನಡುಗುವಂತೆ ಹೊಸ ಹಾರನ್ ಕೂಗಿತು. ಬ್ರೇಕಣ್ಣನ ಮುಖ ನೋಡಿ ಮ್ಯಾನೇಜರಿಗೂ ಪಾಪ ಅನ್ನಿಸಿತು. ಗಲ್ಲ ಕೆರೆದುಕೊಂಡರು, ಸರ್ಟಿಫಿಕೇಟನ್ನು ಇನ್ನೊಮ್ಮೆ ಓದಿದರು. ಓದುತ್ತ ಓದುತ್ತ ಮುಖ ಅರಳಿತು.

"ರೀ, ನಿಮಗೆ ಇದಕ್ಕಿಂತ ದೊಡ್ಡ ಕೆಲಸ ಇದೆ. ಗೇಟಿಗೆ ಇಲ್ಲಿವರೆಗೆ ಮೂರು ಜನ ಕಾವಲುಗಾರರನ್ನ ಹಾಕ್ದೆ. ಮೂವರೂ ಕಣ್ಣು ಮುಚ್ಚಿ ಮಲಗಿದ್ರು, ಟೈರ್ ಹೋಯ್ತು, ಬ್ಯಾಟರಿ ಹೋಯ್ತು. ನೀವು ಮಲಗಿದ್ರೂ ಕಳ್ಳನಿಗೆ ಗೊತ್ತಾಗಲ್ಲ! ಗೊರಕೆ ಕೇಳಿಸಿದ್ರೂ ಯಾರನ್ನೋ ಗದರಿಸ್ತಿದಾನೆ ಅಂದ್ಕೊಂಡು ಓಡ್ತಾನೆ. ಸಂಬಳ ಅದೇ, ಕೂತು ಮಾಡೋ ಕೆಲಸ. ನಾಳೆಯಿಂದ ರಾತ್ರಿ ಪಾಳಿ."

ಬ್ರೇಕಣ್ಣ ಒಂದು ಗಳಿಗೆ ಯೋಚಿಸಿದ. ಬಸ್ಸು ಹೋಯಿತು, ನಿಜ. ಆದರೆ ಕಣ್ಣು ಉಳಿಯಿತಲ್ಲ. ಬೆಳಗ್ಗೆ ಏಳುವಾಗ ಇದ್ದ ಭಯಕ್ಕೆ ಹೋಲಿಸಿದರೆ ಗೇಟು ದೊಡ್ಡದಲ್ಲ ಅನ್ನಿಸಿತು. ತಿಂಗಳಲ್ಲಿ ಉರಿಯೂ ಹೋಗುತ್ತದೆ. ಜೇಬಿನಿಂದ ಮುಲಾಮಿನ ಟ್ಯೂಬನ್ನೂ ಪಟ್ಟಿಯ ಸುರುಳಿಯನ್ನೂ ತೆಗೆದು ಸಮಾಧಾನದಿಂದ ಸವರಿದ.

"ಏನದು?" ಎಂದರು ಮ್ಯಾನೇಜರು.

"ಮಲಗೋವಾಗ ಕಣ್ಣು ಮುಚ್ಚೋದಕ್ಕೆ ಸಾರ್."

ಮ್ಯಾನೇಜರು ಬೆಂಕಿ ಮುಟ್ಟಿದವರಂತೆ ಎದ್ದು ಎರಡನ್ನೂ ಕಸಿದು ಡ್ರಾಯರಿಗೆ ಹಾಕಿ ಬೀಗ ಜಡಿದರು. "ಗುಣ ಗಿಣ ಆಗ್ಬಿಟ್ಟೀರಿ ಮತ್ತೆ! ದಿನಾ ಬೆಳಗ್ಗೆ ಪಾಳಿ ಇಳಿಯೋ ಮುಂಚೆ ಇಲ್ಲಿ ಬಂದು ಕಣ್ಣು ತೋರಿಸಿ ಹೋಗಿ. ಕೆಂಪಗೆ ಒಣಗಿದ್ರೆ ಹಾಜರಿ, ಬೆಳ್ಳಗಿದ್ರೆ ಗೈರುಹಾಜರಿ."